ಕ್ಯಾನ್ಸರ್ ಕೋಶದ ಶಕ್ತಿಮೂಲ ಕಡಿಯಬಹುದೇ? ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ತಾಯಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ. ಶುಗರ್ ಇಲ್ಲ. ಕ್ಯಾನ್ಸರ್ ಬದುಕುವುದೇ ಸಕ್ಕರೆಯಿಂದ, ಅನ್ನ, ಬೆಲ್ಲ ಬಿಡಿಸಿ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೊಡಿ ಎನ್ನುತ್ತಾರೆ ನೆಂಟರು. ಕೊಡಬಹುದೇ?
– ಓದುಗರು, ಹಾಸನ

ಉತ್ತರ: ಎರಡೂ ಬೇಡ. ಆಮ್ಲಜನಕ ಬೇಕಾದಷ್ಟಿದ್ದರೂ ಗಡ್ಡೆಯ ಕೋಶಗಳು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲ ಮಾಡಿಬಿಡುತ್ತವೆ ಎಂದು 1920ರ ದಶಕದಲ್ಲಿ ಜರ್ಮನಿಯ ಆಟೋ ವಾರ್ಬರ್ಗ್ ಕಂಡುಕೊಂಡರು. ಪೆಟ್ ಸ್ಕ್ಯಾನ್ ಗಡ್ಡೆ ಹುಡುಕುವುದು ಈ ಸಕ್ಕರೆ ಹಸಿವನ್ನು ನೆಚ್ಚಿಯೇ. ಆದರೆ ಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಅಂಗಗಳಾದ ಮೈಟೋಕಾಂಡ್ರಿಯಾ ಕೆಟ್ಟಿದ್ದರಿಂದಲೇ ಕ್ಯಾನ್ಸರ್ ಬರುತ್ತದೆ ಎಂಬ ಅವರ ತೀರ್ಮಾನ ನಿಲ್ಲಲಿಲ್ಲ. ಬಹುಪಾಲು ಗಡ್ಡೆಗಳಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಗ್ಲೂಕೋಸ್ ಸಾಲದಿದ್ದರೆ ಗ್ಲುಟಮಿನ್ ಎಂಬ ಅಮೈನೋ ಆಮ್ಲ, ಕೊಬ್ಬು ಉರಿಸುತ್ತವೆ. ನೀವು ಅನ್ನ ಬಿಡಿಸಿದರೂ ಲಿವರ್ ತಾನೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕೊನೆಗೆ ಕರಗುವುದು ತಾಯಿಯವರ ಮೈಮಾಂಸ.

ಮೆಟ್‌ಫಾರ್ಮಿನ್ ಮೈಟೋಕಾಂಡ್ರಿಯಾದ ಕಾಂಪ್ಲೆಕ್ಸ್ 1 ಎಂಬ ಕಿಣ್ವಸಮೂಹವನ್ನು ತಡೆಯುವುದು ನಿಜ. ಆದರೆ ಲ್ಯಾಬಿನ ತಟ್ಟೆಯಲ್ಲಿ ಕೋಶ ಸಾಯಿಸಲು ಬಳಸಿದ ಪ್ರಮಾಣ ಮಾತ್ರೆ ನುಂಗಿದವರ ರಕ್ತದಲ್ಲಿರುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಶುಗರ್ ಇಲ್ಲದ ಸ್ತನ ಕ್ಯಾನ್ಸರ್ ರೋಗಿಗಳ ದೊಡ್ಡ ಪರೀಕ್ಷೆಯೊಂದಕ್ಕೆ 3,649 ಮಂದಿ ಸೇರಿದ್ದರು. ಕೆಲವರಿಗೆ 850 ಮಿಲಿಗ್ರಾಂ ಮೆಟ್‌ಫಾರ್ಮಿನ್ ದಿನಕ್ಕೆರಡು ಸಲ, 5 ವರ್ಷ, ಉಳಿದವರಿಗೆ ಹುಸಿಮಾತ್ರೆ. 2022ರಲ್ಲಿ ಫಲಿತಾಂಶ ಬಂದಾಗ, ಒಟ್ಟಾರೆ ನೋಡಿದರೆ, ಕಾಯಿಲೆ ಮರುಕಳಿಸುವುದು ಕಡಿಮೆಯಾಗಿರಲಿಲ್ಲ. ಶುಗರ್ ಇದ್ದು ಈ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮಾತ್ರ ಬಿಡಬೇಡಿ. ಪೆಟ್ ಸ್ಕ್ಯಾನಿಗೆ ಮುಂಚೆ ಅಲ್ಲಿಯವರಿಗೆ ತಿಳಿಸಿ: ಈ ಮಾತ್ರೆಯಿಂದ ಕರುಳು ಸ್ಕ್ಯಾನಿನಲ್ಲಿ ಬೆಳಗುತ್ತದೆ, ಅಲ್ಲಿರುವ ಗಡ್ಡೆ ಮರೆಯಾಗಬಹುದು.

ಪ್ರಶ್ನೆ: ಹಾಗಾದರೆ ಮೈಟೋಕಾಂಡ್ರಿಯಾವನ್ನು ಪೂರ್ತಿ ನಿಲ್ಲಿಸುವ ಬಲವಾದ ಔಷಧ ಯಾಕಿಲ್ಲ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮಾಡಿ ನೋಡಿದ್ದಾರೆ. ಐಎಸಿಎಸ್-010759 ಎಂಬ ಔಷಧ ಕಾಂಪ್ಲೆಕ್ಸ್ 1 ಅನ್ನು ಬಲವಾಗಿ ತಡೆಯುತ್ತಿತ್ತು, ಇಲಿಗಳಲ್ಲಿ ಆಸೆ ಹುಟ್ಟಿಸಿತ್ತು. ಮನುಷ್ಯರಿಗೆ ಕೊಟ್ಟಾಗ ರಕ್ತದಲ್ಲಿ ಲ್ಯಾಕ್ಟೇಟ್ ಏರಿತು, ನರಗಳು ಹಾಳಾದವು. ಪರೀಕ್ಷೆ ಮೊದಲ ಹಂತದಲ್ಲೇ ನಿಂತಿತು. ಹೃದಯ, ನರ ಬದುಕಿರುವುದೂ ಅದೇ ಮೈಟೋಕಾಂಡ್ರಿಯಾದಿಂದ ತಾನೇ?

ಪ್ರಶ್ನೆ: ತಂದೆಗೆ 76 ವರ್ಷ, ಎಎಂಎಲ್ ರಕ್ತ ಕ್ಯಾನ್ಸರ್. ಅಜಾಸಿಟಿಡಿನ್ ಇಂಜೆಕ್ಷನ್ ಜೊತೆ ವೆನೆಟೋಕ್ಲ್ಯಾಕ್ಸ್ ಮಾತ್ರೆ ಬರೆದಿದ್ದಾರೆ. ಮೊದಲ ದಿನ 100, ಆಮೇಲೆ 200, ಮೂರನೇ ದಿನದಿಂದ 400 ಮಿಲಿಗ್ರಾಂ. ಯಾಕೆ ಹೀಗೆ? ಮನೆಯಲ್ಲಿ ಏನು ನೋಡಿಕೊಳ್ಳಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಮೈಟೋಕಾಂಡ್ರಿಯಾದ ದಾರಿಯಲ್ಲಿ ನಿಜವಾಗಿ ಗೆದ್ದ ಮದ್ದು ಈ ವೆನೆಟೋಕ್ಲ್ಯಾಕ್ಸ್. ಕೋಶ ಸಾಯಬೇಕಾದಾಗ ಮೈಟೋಕಾಂಡ್ರಿಯಾದ ಹೊರಪೊರೆಯಲ್ಲಿ ತೂತು ಬೀಳಬೇಕು. ಬಿಸಿಎಲ್-2 ಎಂಬ ಪ್ರೋಟೀನ್ ಅದಕ್ಕೆ ಅಡ್ಡ ನಿಂತಿರುತ್ತದೆ. ಮಾತ್ರೆ ಆ ಪ್ರೋಟೀನನ್ನು ಹಿಡಿದಿಟ್ಟರೆ ತೂತು ಬಿದ್ದು, ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಹೊರಗೆ ಸೋರಿ, ಕೋಶ ಸಾಯುತ್ತದೆ. ಅಜಾಸಿಟಿಡಿನ್ ಸೇರಿದಾಗ ಲ್ಯುಕೇಮಿಯಾದ ಮೂಲಕೋಶಗಳು ಅಮೈನೋ ಆಮ್ಲ ಉರಿಸಿ ಶಕ್ತಿ ಪಡೆಯುವುದಕ್ಕೂ ಕತ್ತರಿ ಬೀಳುತ್ತದೆ. ಜೋರಾದ ಕೀಮೋ ತಾಳಲಾಗದವರಲ್ಲಿ ಅರ್ಧದಷ್ಟು ಮಂದಿ ಬದುಕಿದ್ದ ಅವಧಿ ಅಜಾಸಿಟಿಡಿನ್ ಒಂದನ್ನೇ ಕೊಟ್ಟಾಗ 9.6 ತಿಂಗಳಿದ್ದರೆ, ಈ ಜೋಡಿ ಅದನ್ನು 14.7 ತಿಂಗಳಿಗೆ ಏರಿಸಿತು.

ಕೋಶಗಳು ಒಟ್ಟಿಗೇ ಒಡೆದರೆ ಪೊಟ್ಯಾಸಿಯಂ, ಫಾಸ್ಫೇಟ್, ಯೂರಿಕ್ ಆಮ್ಲ ರಕ್ತಕ್ಕೆ ನುಗ್ಗಿ ಕಿಡ್ನಿ, ಹೃದಯಕ್ಕೆ ಕುತ್ತು. ಅದಕ್ಕೇ ಡೋಸ್ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಶುರುಮಾಡುವ ಮುನ್ನ ಬಿಳಿರಕ್ತಕಣ ಮೈಕ್ರೋಲೀಟರಿಗೆ 25,000ಕ್ಕಿಂತ ಕೆಳಗಿರಬೇಕು. ಪ್ರತಿ ಹೊಸ ಡೋಸಿಗೆ ಮುಂಚೆ ಮತ್ತು 6ರಿಂದ 8 ಗಂಟೆ ಬಳಿಕ ರಕ್ತಪರೀಕ್ಷೆ ಮಾಡುತ್ತಾರೆ. ಪದೇಪದೇ ಸೂಜಿ ಚುಚ್ಚುತ್ತಾರೆಂದು ಬೇಸರಪಟ್ಟು ತಪ್ಪಿಸಬೇಡಿ, ಜೀವ ಉಳಿಸುವುದು ಅದೇ. ನೀರು ಎಷ್ಟು ಕುಡಿಯಬೇಕೆಂದು ಅವರ ಹೃದಯದ ಸ್ಥಿತಿ ನೋಡಿ ಡಾಕ್ಟರೇ ಹೇಳಲಿ.

ಮಾತ್ರೆ ಊಟದ ಜೊತೆ, ದಿನಾ ಒಂದೇ ಹೊತ್ತಿಗೆ. ಗ್ರೇಪ್‌ಫ್ರೂಟ್ ಪೂರ್ತಿ ನಿಷಿದ್ಧ (ಅದು ದ್ರಾಕ್ಷಿಯಲ್ಲ), ಅದರ ಹತ್ತಿರದ ಬಂಧುವಾದ ನಮ್ಮ ದೇವನಹಳ್ಳಿ ಚಕ್ಕೋತವೂ ಬೇಡ. ಇವುಗಳ ರಸ ಔಷಧವನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ, ರಕ್ತದಲ್ಲಿ ಔಷಧ ಮಿತಿಮೀರುತ್ತದೆ. ಫಂಗಸ್ ಸೋಂಕಿಗೆ ಕೊಡುವ ಪೊಸಾಕೊನಜೋಲ್ ಕೂಡ ಹಾಗೆಯೇ, ಅದಿದ್ದಾಗ 400ರ ಬದಲು 70 ಮಿಲಿಗ್ರಾಂ ಸಾಕಾಗುತ್ತದೆ. ಬೇರೆ ಡಾಕ್ಟರು ಹೊಸ ಮಾತ್ರೆ ಬರೆದರೆ ಮೊದಲು ಈ ಚೀಟಿ ತೋರಿಸಿ.

ಮರೆತದ್ದು 8 ಗಂಟೆಯೊಳಗೆ ನೆನಪಾದರೆ ನುಂಗಬಹುದು, ಮೀರಿದರೆ ಮರುದಿನದ್ದೇ. ವಾಂತಿಯಾದರೂ ಅವತ್ತು ಇನ್ನೊಂದು ಬೇಡ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.