ಸ್ಟಾರ್ ಪಿಚರ್‌ಗೆ ಅವನದೇ ಅಳತೆಗೋಲು

ನೀವು ಲಾಸ್ ಏಂಜಲೀಸ್‌ಗೆ ಹೊಸಬರು. ಆಫೀಸಿನವರ ಜೊತೆ ಇಲ್ಲಿಯ ಬೇಸ್‌ಬಾಲ್ ತಂಡ ಡಾಡ್ಜರ್ಸ್‌ನ ಪಂದ್ಯಕ್ಕೆ ಹೋದಿರಿ. ತಂಡದ ಸ್ಟಾರ್ ಪಿಚರ್ ಐದು ಇನ್ನಿಂಗ್ಸ್ ಎಸೆದು 5 ಹಿಟ್, 4 ವಾಕ್, 4 ಸ್ಟ್ರೈಕ್‌ಔಟ್, 3 ರನ್. (ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಮೂರು ಔಟ್‌ಗೆ ಒಂದು ಇನ್ನಿಂಗ್, ಹೊಡೆದು ಬೇಸ್ ಮುಟ್ಟಿದರೆ ಹಿಟ್, ನಾಲ್ಕು ತಪ್ಪು ಎಸೆತಕ್ಕೆ ಪುಕ್ಕಟೆ ಬೇಸ್ ಸಿಕ್ಕರೆ ವಾಕ್, ಮೂರು ಸ್ಟ್ರೈಕ್‌ಗೆ ಔಟಾದರೆ ಸ್ಟ್ರೈಕ್‌ಔಟ್.) ತಂಡವೂ ಗೆದ್ದಿತು. ಆದರೂ ಪಕ್ಕದವರೆಲ್ಲ ‘ಇವತ್ತು ಅವನಿಗೆ ಲಯವೇ ಸಿಗಲಿಲ್ಲ’ ಅಂತ ತಲೆ ಆಡಿಸಿದರು. ಮಾರನೇ ದಿನ ಹೊಸ ಹುಡುಗನೊಬ್ಬ ಅದೇ ಐದು ಇನ್ನಿಂಗ್ಸ್, ಅದೇ 3 ರನ್, ಅವನಿಗೆ ಚಪ್ಪಾಳೆ. ಇದು ಯಾವ ನ್ಯಾಯ, ಊಟದ ಹೊತ್ತಲ್ಲಿ ಈ ಮಾತು ಎದ್ದರೆ ಏನು ಹೇಳಬೇಕು ಅಂತ ಕೇಳಿದ್ದೀರಿ.

ನ್ಯಾಯ ಸರಿಯಾಗೇ ಇದೆ. ಚಿನ್ನಸ್ವಾಮಿಯಲ್ಲಿ ಬುಮ್ರಾ ನಾಲ್ಕು ಓವರಿಗೆ 40 ಕೊಟ್ಟರೆ ‘ಬುಮ್ರಾಗೆ ಏನಾಯ್ತು ಮಾರಾಯ’ ಅಂತೀವಿ. ರಣಜಿಯಿಂದ ಈಗಷ್ಟೇ ಬಂದ ಹುಡುಗ ಅದೇ 40 ಕೊಟ್ಟರೆ ‘ಆ ಪಿಚ್‌ನಲ್ಲಿ ಪರವಾಗಿಲ್ಲ’ ಅಂತೀವಿ. ಇಲ್ಲೂ ಅಷ್ಟೇ, ಆದರೆ ಯಾರ ಮಾಮೂಲಿ ಎಷ್ಟು ಅನ್ನೋದು ಇಲ್ಲಿಯ ಅಭಿಮಾನಿಗಳಿಗೆ ಬಾಯಿಪಾಠ. ವರ್ಷಕ್ಕೆ 162 ಪಂದ್ಯ, ಪಂದ್ಯ ಶುರು ಮಾಡುವ ಸ್ಟಾರ್ಟಿಂಗ್ ಪಿಚರ್‌ಗೆ ಐದಾರು ದಿನಕ್ಕೊಮ್ಮೆ ಸರದಿ, ಗಾಯವಾಗದಿದ್ದರೆ ಸುಮಾರು 30 ಪಂದ್ಯ. ಆ ಮೂವತ್ತರ ಸರಾಸರಿಯೇ ಅವನ ಅಳತೆಗೋಲು.

ಲೆಕ್ಕ ಹಾಕೋದು ಸುಲಭ. ಡಾಡ್ಜರ್ಸ್‌ನ ಯೋಶಿನೊಬು ಯಮಾಮೊಟೊ 2025ರಲ್ಲಿ 30 ಪಂದ್ಯಗಳಲ್ಲಿ 173.2 ಇನ್ನಿಂಗ್ಸ್ ಎಸೆದು 201 ಸ್ಟ್ರೈಕ್‌ಔಟ್ ಪಡೆದರು, 59 ವಾಕ್ ಕೊಟ್ಟರು, ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್ನಿನ ಸರಾಸರಿ) 2.49. ಎಲ್ಲವನ್ನೂ 30ರಿಂದ ಭಾಗಿಸಿ. ಒಂದು ರಾತ್ರಿಗೆ ಆರಕ್ಕೆ ಚೂರು ಕಡಿಮೆ ಇನ್ನಿಂಗ್ಸ್, ಒಂದೂವರೆ ರನ್ ಚಿಲ್ಲರೆ, ಆರೇಳು ಸ್ಟ್ರೈಕ್‌ಔಟ್, ಎರಡು ವಾಕ್. ನೀವು ನೋಡಿದ ಅಂಕಿಗಳನ್ನು ಇದರ ಪಕ್ಕ ಇಡಿ: ರನ್ ಹೆಚ್ಚುಕಡಿಮೆ ಎರಡರಷ್ಟು, ವಾಕ್ ಸರಿಯಾಗಿ ಎರಡರಷ್ಟು, ಇನ್ನಿಂಗ್ಸ್ ಒಂದು ಕಡಿಮೆ. ಆ ದರ್ಜೆಯವನಿಗೆ ಅದು ಕೆಟ್ಟ ರಾತ್ರಿಯೇ.

ಇಲ್ಲಿ ಒಂದು ಗುಂಡಿ ಇದೆ, ನಮ್ಮವರೇ ಹೆಚ್ಚು ಬೀಳೋದು. 173.2 ಅಂದರೆ ದಶಮಾಂಶ ಅಲ್ಲ. ಕ್ರಿಕೆಟ್‌ನ 19.2 ಓವರ್ ಇದ್ದ ಹಾಗೆ, ಆದರೆ ಆರರ ಬದಲು ಮೂರರ ಲೆಕ್ಕ: 173 ಇನ್ನಿಂಗ್ಸ್ ಮೇಲೆ 2 ಔಟ್, ಅಂದರೆ 173.67. ಎಕ್ಸೆಲ್‌ಗೆ ಹಾಗೇ ಹಾಕಿದರೆ ಉತ್ತರ ತಪ್ಪುತ್ತೆ. ಇಆರ್‌ಎ ಅಂದರೆ ಕೊಟ್ಟ ಅರ್ನ್ಡ್ ರನ್ (ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದನ್ನು ಬಿಟ್ಟು ಉಳಿದ ರನ್) ಗುಣಿಸು 9, ಭಾಗಿಸು ಇನ್ನಿಂಗ್ಸ್. ಐದು ಇನ್ನಿಂಗ್ಸ್‌ಗೆ 3 ರನ್ ಅಂದರೆ 5.40. ಹೊಸ ಹುಡುಗನ ಇಆರ್‌ಎ ಅಲ್ಲಿವರೆಗೆ ಆರರ ಮೇಲಿದ್ದರೆ ಅವನು ಆ ರಾತ್ರಿ ಒಂದು ಮೆಟ್ಟಿಲು ಹತ್ತಿದ. ಸ್ಟಾರ್ ಮೂರು ಮೆಟ್ಟಿಲು ಇಳಿದ.

ಟಿವಿಯಲ್ಲಿ ‘ಕ್ವಾಲಿಟಿ ಸ್ಟಾರ್ಟ್’ ಅಂತ ಕೇಳ್ತೀರಿ. ಕನಿಷ್ಠ ಆರು ಇನ್ನಿಂಗ್ಸ್, ಹೆಚ್ಚೆಂದರೆ 3 ಅರ್ನ್ಡ್ ರನ್. ಅಂಚಿನಲ್ಲಿ ಪಾಸಾದರೆ ಅದು 4.50 ಇಆರ್‌ಎ, ಸಾಧಾರಣ ಪಿಚರ್‌ಗೆ ಸಾಕು. ಸ್ಟಾರ್‌ಗೆ ಇದು ಅಳತೆಯೇ ಅಲ್ಲ. ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ 2018ರಲ್ಲಿ 32 ಪಂದ್ಯ, 217 ಇನ್ನಿಂಗ್ಸ್, ಇಆರ್‌ಎ 1.70, ಒಂದು ಪಂದ್ಯಕ್ಕೆ 1.3 ರನ್ನೂ ಪೂರ್ತಿ ಬೀಳಲಿಲ್ಲ. ಅಂಥವರು ಆರು ಇನ್ನಿಂಗ್ಸ್‌ಗೆ 3 ರನ್ ಕೊಟ್ಟರೆ ಅಭಿಮಾನಿಗಳಿಗೆ ಮೋಡ ಕವಿದ ಹಾಗೆ. ಅದೇ ವರ್ಷ ಅವರ ಗೆಲುವು-ಸೋಲು 10-9, ತಂಡ ಬ್ಯಾಟ್ ಮಾಡಿದ್ದೇ ಅಷ್ಟು. ಹಾಗಾಗಿ ಪಿಚರ್ ಹೆಸರಿನ ಪಕ್ಕದ ಗೆಲುವು-ಸೋಲನ್ನು ನೋಡಿ ಮಾತಾಡಬೇಡಿ. ‘ಆದರೂ ತಂಡ ಗೆದ್ದಿತಲ್ಲ’ ಅನ್ನೋದು ಪಿಚರ್ ಬಗ್ಗೆ ಏನನ್ನೂ ಹೇಳಿದ ಹಾಗಲ್ಲ.

ಒಂದೇ ಅಂಕಿ ಬೇಕಂದರೆ ಬೇಸ್‌ಬಾಲ್ ಅಂಕಿಅಂಶದ ಪಂಡಿತ ಬಿಲ್ ಜೇಮ್ಸ್ ಅವರ ‘ಗೇಮ್ ಸ್ಕೋರ್’ ಇದೆ, ಟಿಶ್ಯೂ ಪೇಪರ್ ಮೇಲೇ ಹಾಕಬಹುದು. 50ರಿಂದ ಶುರು ಮಾಡಿ. ಪ್ರತಿ ಔಟ್‌ಗೆ 1 ಕೂಡಿಸಿ, ನಾಲ್ಕನೇ ಇನ್ನಿಂಗ್ ದಾಟಿ ಮುಗಿಸಿದ ಪ್ರತಿ ಇನ್ನಿಂಗ್‌ಗೆ 2, ಪ್ರತಿ ಸ್ಟ್ರೈಕ್‌ಔಟ್‌ಗೆ 1. ಹಿಟ್‌ಗೆ 2 ಕಳೆಯಿರಿ, ಅರ್ನ್ಡ್ ರನ್‌ಗೆ 4, ಅನರ್ನ್ಡ್‌ಗೆ 2, ವಾಕ್‌ಗೆ 1. ನಿಮ್ಮ ಪಂದ್ಯಕ್ಕೆ: 50, 15, 2, 4 ಸೇರಿ 71, ಕಳೆಯೋದು 10, 12, 4 ಸೇರಿ 26, ಉಳಿದದ್ದು 45. ಐವತ್ತರ ಆಸುಪಾಸು ಸಾಧಾರಣ. 2014ರ ಜೂನ್ 18ರಂದು ಡಾಡ್ಜರ್ಸ್‌ನ ಕ್ಲೇಟನ್ ಕರ್ಶಾ ಕೊಲರಾಡೊ ವಿರುದ್ಧ ಒಂದೂ ಹಿಟ್, ಒಂದೂ ವಾಕ್ ಕೊಡದೆ 15 ಜನರನ್ನು ಸ್ಟ್ರೈಕ್‌ಔಟ್ ಮಾಡಿದರಲ್ಲ, ಅದಕ್ಕೆ 102.

ಅಂಕಿ ಹೇಳೋದು ಏನೋ ಕೆಟ್ಟಿತು ಅಂತ ಮಾತ್ರ. ಯಾವುದು ಕೆಟ್ಟಿತು ಅನ್ನೋದಕ್ಕೆ ಕಣ್ಣು ಬೇಕು, ಮತ್ತು ಕಣ್ಣು ಇಡಬೇಕಾದ್ದು ಪಿಚರ್ ಮೇಲಲ್ಲ, ಕ್ಯಾಚರ್‌ನ (ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ) ಗ್ಲೌಸ್ ಮೇಲೆ. ಎಸೆತಕ್ಕೆ ಮುಂಚೆ ಕ್ಯಾಚರ್ ಗ್ಲೌಸನ್ನು ಎಲ್ಲಿ ಹಿಡಿದಿದ್ದಾನೆ, ಚೆಂಡು ಬಂದಾಗ ಅದು ಎಲ್ಲಿಗೆ ಹೋಯಿತು ನೋಡಿ. ಹೊರ ಅಂಚಿನಲ್ಲಿ ಮೊಣಕಾಲ ಮಟ್ಟಕ್ಕೆ ಹಿಡಿದ ಗ್ಲೌಸ್ ಕದಲದೇ ಚೆಂಡು ಬಂದು ಬಿದ್ದರೆ ಪಿಚರ್ ಸರಿ ಇದ್ದಾನೆ, ಅದಕ್ಕೆ ಹಿಟ್ ಬಿದ್ದರೂ ಚಿಂತೆಯಿಲ್ಲ. ಕ್ಯಾಚರ್ ಕೂತಲ್ಲಿಂದಲೇ ದೇಹ ತಿರುಚಿ ಆಚೆ ಬದಿಯ ಎದೆಯೆತ್ತರಕ್ಕೆ ಕೈ ಚಾಚುತ್ತಿದ್ದರೆ, ಅದೂ ಮತ್ತೆ ಮತ್ತೆ ಅದೇ ದಿಕ್ಕಿಗೆ, ಆಗ ಕಾರಣ ಹೆಚ್ಚಾಗಿ ಒಂದೇ: ಮುಂದಿನ ಭುಜ ಬೇಗ ತೆರೆದುಕೊಳ್ತಿದೆ, ಕೈ ಹಿಂದೆ ಬೀಳ್ತಿದೆ, ಚೆಂಡು ಬೇಗ ಬಿಟ್ಟು ಹೋಗ್ತಿದೆ. ಇದು ಒಂದೆರಡು ಇನ್ನಿಂಗ್‌ನಲ್ಲಿ ಸರಿಹೋಗಬಹುದು. ಹೋಗದಿದ್ದರೆ ಮುಂದಿನದ್ದು ಸರಪಳಿ. ಮೊದಲ ಎಸೆತ ಬಾಲ್ (ಗುರಿ ತಪ್ಪಿದ ಎಸೆತ), ಎರಡನೆಯದೂ ಬಾಲ್, ಈಗ ವಾಕ್ ತಪ್ಪಿಸಲು ನಡುವೆ ಫಾಸ್ಟ್‌ಬಾಲ್ ಹಾಕಲೇಬೇಕು. ಬ್ಯಾಟರ್ ಅದಕ್ಕೇ ಕಾಯ್ತಿರ್ತಾನೆ. ಒಂದು ಇನ್ನಿಂಗ್‌ಗೆ 15-16 ಎಸೆತ ಮಾಮೂಲಿ, 25 ದಾಟಿದರೆ ಆ ರಾತ್ರಿ ಐದನೆಯದರಲ್ಲೇ ಮುಗಿಯುತ್ತೆ ಅಂತ ಲೆಕ್ಕ ಹಾಕಿ.

ಎರಡನೆಯದು ವೇಗ. ಸ್ಕೋರ್‌ಬೋರ್ಡ್ ಮೇಲೆ ಪ್ರತಿ ಎಸೆತದ ವೇಗ ಬರುತ್ತೆ, ಮೈಲಿಯಲ್ಲಿ, 1.6ರಿಂದ ಗುಣಿಸಿದರೆ ನಮ್ಮ ಕಿಲೋಮೀಟರ್. ಒಂದೊಂದು ಎಸೆತ ನೋಡಬೇಡಿ, ಅವನ ಈ ವರ್ಷದ ಸರಾಸರಿಗೆ ಹೋಲಿಸಿ. ಬೇಸ್‌ಬಾಲ್ ಸೇವಂಟ್ ಅನ್ನೋ ಉಚಿತ ವೆಬ್‌ಸೈಟ್‌ನಲ್ಲಿ ಆಯಾ ಪಂದ್ಯದ ಪುಟದಲ್ಲಿ ಈ ಹೋಲಿಕೆ ಸಿಗುತ್ತೆ. ಅರ್ಧ ಮೈಲಿ ಕಡಿಮೆ ಅಂದರೆ ಏನೂ ಅಲ್ಲ, ಏಪ್ರಿಲ್‌ನ ಚಳಿಯಲ್ಲಿ ಒಂದು ಮೈಲಿಯೂ ಸಹಜ. ಬೆಚ್ಚಗಿನ ರಾತ್ರಿ ಎರಡು ಮೈಲಿ ಬಿದ್ದು ಇನ್ನಿಂಗ್‌ನಿಂದ ಇನ್ನಿಂಗ್‌ಗೆ ಇಳಿಯುತ್ತಲೇ ಹೋದರೆ ಮಾತ್ರ ಆತಂಕ, ಮೊಣಕೈಯೋ ಭುಜವೋ ಅನ್ನೋ ಪ್ರಶ್ನೆ ಏಳೋದು ಅಲ್ಲಿ. ನನ್ನ ಮಟ್ಟಿಗೆ 4 ರನ್ ಕೊಟ್ಟು ವೇಗ ಉಳಿಸಿಕೊಂಡ ರಾತ್ರಿಗಿಂತ ಒಂದೂ ರನ್ ಕೊಡದೆ ಎರಡು ಮೈಲಿ ಕಳೆದುಕೊಂಡ ರಾತ್ರಿ ಕೆಟ್ಟದ್ದು.

ಮೂರನೆಯದು ಬ್ರೇಕಿಂಗ್ ಬಾಲ್, ಅಂದರೆ ಬರುತ್ತಾ ಬಾಗುವ ಎಸೆತ. ಸ್ಲೈಡರ್, ಕರ್ವ್ ಕೆಳಕ್ಕೆ ಬೀಳದೆ ಸೊಂಟದ ಮಟ್ಟದಲ್ಲೇ ನಿಂತರೆ ಹೋಮ್ ರನ್. ಚೆನ್ನಾಗಿ ಬಿದ್ದರೂ ಬ್ಯಾಟರ್‌ಗಳು ಬ್ಯಾಟ್ ಬೀಸದೆ ಬಿಡುತ್ತಿದ್ದರೆ ಅದು ಬೇರೆ ಕಥೆ. 2017ರ ವರ್ಲ್ಡ್ ಸೀರೀಸ್‌ನ (ಲೀಗ್‌ನ ಫೈನಲ್ ಸರಣಿ) ಐದನೇ ಪಂದ್ಯ, ಹ್ಯೂಸ್ಟನ್‌ನಲ್ಲಿ, ಕರ್ಶಾ 4-0 ಮುನ್ನಡೆ ಕಳೆದುಕೊಂಡು 4.2 ಇನ್ನಿಂಗ್ಸ್‌ನಲ್ಲಿ 6 ರನ್ ಕೊಟ್ಟರು, ಡಾಡ್ಜರ್ಸ್ 13-12ರಲ್ಲಿ ಸೋತರು. ಸದಾ ಬ್ಯಾಟರ್‌ಗಳನ್ನು ಬೇಸ್ತು ಬೀಳಿಸುವ ಅವರ ಸ್ಲೈಡರ್‌ಗೆ ಆ ರಾತ್ರಿ ಹೆಚ್ಚುಕಡಿಮೆ ಯಾರೂ ಬೀಳಲಿಲ್ಲ. ಆ ವರ್ಷ ಎದುರಾಳಿ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಕ್ಯಾಮೆರಾ ಇಟ್ಟು, ಮುಂದೆ ಯಾವ ಎಸೆತ ಅಂತ ಪಿಚರ್‌ಗೆ ತೋರಿಸುವ ಕ್ಯಾಚರ್‌ನ ಸಂಜ್ಞೆ ಕದಿಯುತ್ತಿತ್ತು ಅಂತ 2020ರ ಜನವರಿಯಲ್ಲಿ ಲೀಗ್‌ನ ತನಿಖೆಯೇ ಹೇಳಿತು. ಆ ಒಂದು ರಾತ್ರಿಯಲ್ಲಿ ಎಷ್ಟು ಪಾಲು ಕಳ್ಳತನದ್ದು, ಎಷ್ಟು ಪಾಲು ಕರ್ಶಾ ಅವರದ್ದು ಅಂತ ಬಿಡಿಸೋಕೆ ಆಗಲ್ಲ. ಈ ಊರಿನಲ್ಲಿ ಮಾತ್ರ ಆ ವಿಷಯದಲ್ಲಿ ತಮಾಷೆ ಬೇಡ, ಗಾಯ ಇನ್ನೂ ಹಸಿ.

ಸ್ಕೋರ್‌ಕಾರ್ಡ್ ಪಿಚರ್ ತಲೆಗೆ ಕಟ್ಟುವ ರನ್ನುಗಳಲ್ಲಿ ಬೇರೆಯವರ ಪಾಲೂ ಇರುತ್ತೆ. ಒಬ್ಬನನ್ನು ಬೇಸ್ ಮೇಲೆ ಬಿಟ್ಟು ಅವನು ಹೊರಗೆ ಹೋದ ಮೇಲೆ, ಬದಲಿಗೆ ಬಂದ ಪಿಚರ್, ಅಂದರೆ ರಿಲೀವರ್, ಆ ಓಟಗಾರನನ್ನು ಒಳಗೆ ಬಿಟ್ಟರೆ ರನ್ ಹೋದವನ ಖಾತೆಗೆ. 2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಟ್ಯಾಂಪಾ ಬೇಯ ಬ್ಲೇಕ್ ಸ್ನೆಲ್ 73 ಎಸೆತಗಳಲ್ಲಿ 5.1 ಇನ್ನಿಂಗ್ಸ್, 2 ಹಿಟ್, 9 ಸ್ಟ್ರೈಕ್‌ಔಟ್. 1-0 ಮುನ್ನಡೆ ಇದ್ದಾಗ ಮ್ಯಾನೇಜರ್ ಕೆವಿನ್ ಕ್ಯಾಶ್ ಅವರನ್ನು ತೆಗೆದರು. ಸ್ನೆಲ್ ಬಿಟ್ಟುಹೋದ ಓಟಗಾರ ರಿಲೀವರ್‌ನ ವೈಲ್ಡ್ ಪಿಚ್‌ನಲ್ಲಿ ಒಳಗೆ ಬಂದ. ಬೆಂಚಿನ ಮೇಲೆ ಕೂತಿದ್ದ ಸ್ನೆಲ್‌ಗೆ 1 ರನ್ ಬರೆದರು. ಡಾಡ್ಜರ್ಸ್ 3-1ರಲ್ಲಿ ಗೆದ್ದು ಚಾಂಪಿಯನ್ ಆದರು. ಆ ಸ್ನೆಲ್ ಈಗ ಡಾಡ್ಜರ್ಸ್‌ನಲ್ಲೇ ಇದ್ದಾರೆ, ಅದು ಬೇರೆ ಮಾತು.

ತದ್ವಿರುದ್ಧ ಉದಾಹರಣೆಯೂ ಇದೆ. 2014ರ ಅಕ್ಟೋಬರ್ 3, ಡಾಡ್ಜರ್ ಸ್ಟೇಡಿಯಂ, ಸೇಂಟ್ ಲೂಯಿಸ್ ವಿರುದ್ಧ ಪ್ಲೇಆಫ್‌ನ ಮೊದಲ ಪಂದ್ಯ. ಆರು ಇನ್ನಿಂಗ್ಸ್‌ವರೆಗೆ ಕರ್ಶಾ ಕೊಟ್ಟದ್ದು ಎರಡೇ ಹಿಟ್, ಎರಡೂ ಹೋಮ್ ರನ್. ಮುನ್ನಡೆ 6-2. ಏಳನೆಯದರಲ್ಲಿ ಸಾಲಾಗಿ ನಾಲ್ಕು ಸಿಂಗಲ್, ಒಂದು ಸ್ಟ್ರೈಕ್‌ಔಟ್, ಮತ್ತೊಂದು ಸಿಂಗಲ್, ಮತ್ತೊಂದು ಸ್ಟ್ರೈಕ್‌ಔಟ್, ಆಮೇಲೆ ಮ್ಯಾಟ್ ಕಾರ್ಪೆಂಟರ್ ಆ ರಾತ್ರಿ ನಾಲ್ಕನೇ ಸಲ ಎದುರಿಗೆ ಬಂದು ಮೂರು ಬೇಸೂ ಖಾಲಿ ಮಾಡಿದ ಡಬಲ್. ಕೊನೆಗೆ ಕರ್ಶಾ ಲೆಕ್ಕ 6.2 ಇನ್ನಿಂಗ್ಸ್, 8 ರನ್, 10 ಸ್ಟ್ರೈಕ್‌ಔಟ್, ವಾಕ್ ಸೊನ್ನೆ. ಗೇಮ್ ಸ್ಕೋರ್ 36. ಎಂಟನೇ ರನ್ ಬಂದಾಗ ಅವರು ಮೈದಾನದಲ್ಲೇ ಇರಲಿಲ್ಲ. ಇದನ್ನು ಕೆಟ್ಟ ರಾತ್ರಿ ಅಂತ ನಾನು ಒಪ್ಪಲ್ಲ. ಆರು ಅಪ್ಪಟ ಇನ್ನಿಂಗ್ಸ್, ಒಂದು ಕೆಟ್ಟ ಇನ್ನಿಂಗ್, ಮತ್ತು ತಡವಾಗಿ ಎದ್ದ ಮ್ಯಾನೇಜರ್. ಬ್ಯಾಟರ್‌ಗಳು ಮೂರನೇ, ನಾಲ್ಕನೇ ಸಲ ಅದೇ ಕೈಯನ್ನು ನೋಡಿದಾಗ ಓದಿಬಿಡ್ತಾರೆ. ಇವತ್ತು ಐದಾರು ಇನ್ನಿಂಗ್ಸ್‌ಗೇ ಪಿಚರ್‌ಗಳನ್ನು ತೆಗೆಯೋದಕ್ಕೆ ಇದೇ ಮುಖ್ಯ ಕಾರಣ.

ಒಂದು ರಾತ್ರಿಯ ಭಾರ ಎಷ್ಟು ಅಂತ ತಿಳಿಯಬೇಕಾದರೂ 2014ನ್ನೇ ನೋಡಿ. ಆ ವರ್ಷ ಕರ್ಶಾ 198.1 ಇನ್ನಿಂಗ್ಸ್, ಇಆರ್‌ಎ 1.77, ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ಶ್ರೇಷ್ಠ ಆಟಗಾರನಿಗೆ ಕೊಡುವ ಎಂವಿಪಿ ಎರಡೂ. ಮೇ 17ರಂದು ಅರಿಜೋನಾದಲ್ಲಿ 1.2 ಇನ್ನಿಂಗ್ಸ್‌ಗೆ 7 ರನ್. ಅದೊಂದನ್ನು ತೆಗೆದರೆ ವರ್ಷದ ಇಆರ್‌ಎ 1.46. ಮಹಾಪಿಚರ್‌ಗಳ ವಿಷಯದಲ್ಲಿ ಒಂದು ಬೀಳು ಎದ್ದು ಕಾಣೋದೇ ಉಳಿದದ್ದೆಲ್ಲ ಅಷ್ಟು ಮಟ್ಟಸ ಇರೋದರಿಂದ. ಹಾಗಂತ ಅಳತೆಗೋಲು ಹಳೆಯದಾಗಬಾರದು. ಆಗ 93 ಮೈಲಿ ಆಸುಪಾಸು ಇದ್ದ ಅವರ ಫಾಸ್ಟ್‌ಬಾಲ್ ಕೊನೆಯ ವರ್ಷ 2025ರಲ್ಲಿ 89ಕ್ಕೆ ಇಳಿದಿತ್ತು, ವಯಸ್ಸು 37. ಆ ಕರ್ಶಾ ಐದು ಇನ್ನಿಂಗ್ಸ್‌ಗೆ 2 ರನ್ ಕೊಟ್ಟರೆ ಅದು ಒಳ್ಳೆಯ ರಾತ್ರಿ. ‘ಅವನದೇ ಅಳತೆ’ ಅಂದರೆ ಅವನ ಈ ವರ್ಷದ ಅಳತೆ.

ಆಫೀಸಿನಲ್ಲಿ ತೀರ್ಪು ಕೊಡೋಕೆ ಹೋಗದೆ ಪ್ರಶ್ನೆ ಕೇಳಿ. ‘ವೇಗ ಕಡಿಮೆ ಇತ್ತಾ, ಅಥವಾ ಗುರಿ ತಪ್ಪಿತಾ?’ ಅಂದರೆ ಸಾಕು, ಎದುರಿನವರು ಹತ್ತು ನಿಮಿಷ ತಾವೇ ಮಾತಾಡ್ತಾರೆ. ಸಂಬಳದ ಮಾತು ಎತ್ತಬೇಡಿ. ‘ಇಷ್ಟು ಕೋಟಿ ತಗೊಂಡು ಹೀಗಾ’ ಅನ್ನೋದು ನಮ್ಮಲ್ಲಿ ಐಪಿಎಲ್ ಹರಟೆಗೆ ಸೈ, ಇಲ್ಲಿ ಅದು ವಾರಪೂರ್ತಿ ಆಟ ನೋಡದವನ ಮಾತು.

ಮುಂದಿನ ಸಲ ಹೋದಾಗ ಮೊದಲ ಇನ್ನಿಂಗ್ ತಪ್ಪಿಸಬೇಡಿ. ಎದುರಾಳಿಯ ಅತಿ ಉತ್ತಮ ಬ್ಯಾಟರ್‌ಗಳು ಅವರು ಬಯಸಿದ ಕ್ರಮದಲ್ಲೇ ಬರೋದು ಖಾತ್ರಿ ಇರುವ ಇನ್ನಿಂಗ್ ಅದೊಂದೇ, ಪಿಚರ್‌ನ ಕೈ ಇನ್ನೂ ಪೂರ್ತಿ ಪಳಗಿರೋದಿಲ್ಲ, ದೊಡ್ಡ ದೊಡ್ಡವರೂ ರನ್ ಕೊಡೋದು ಅಲ್ಲೇ. ರಾತ್ರಿ ಪಂದ್ಯ ಸಾಮಾನ್ಯವಾಗಿ 7.10ಕ್ಕೆ. ಕಾರಿನಲ್ಲಿ ಹೋದರೆ ಆ ಹೊತ್ತಿನ ಟ್ರಾಫಿಕ್‌ನಲ್ಲಿ ಮೂರನೇ ಇನ್ನಿಂಗ್‌ಗೆ ಸೀಟು ಮುಟ್ಟುತ್ತೀರಿ. ಯೂನಿಯನ್ ಸ್ಟೇಷನ್‌ನಿಂದ ಡಾಡ್ಜರ್ ಸ್ಟೇಡಿಯಂ ಎಕ್ಸ್‌ಪ್ರೆಸ್ ಬಸ್ ಇದೆ, ಪಂದ್ಯದ ಟಿಕೆಟ್ ತೋರಿಸಿದರೆ ಉಚಿತ. ಆರಕ್ಕೆಲ್ಲ ಹತ್ತಿಬಿಡಿ.