ತೂಕ ಇಳಿಯದಿದ್ದರೂ ಸ್ನಾಯುವಿನೊಳಗೆ ಏನು ನಡೆಯುತ್ತಿದೆ?

ಪ್ರಶ್ನೆ: ನನಗೆ 46 ವರ್ಷ, ತೂಕ 98 ಕಿಲೊ. ಮೂರು ತಿಂಗಳಿಂದ ವಾರಕ್ಕೆ ಐದು ದಿನ 40 ನಿಮಿಷ ನಡೆಯುತ್ತಿದ್ದೇನೆ. ಇಳಿದದ್ದು ಒಂದೂವರೆ ಕಿಲೊ ಅಷ್ಟೇ. ವ್ಯಾಯಾಮದಿಂದ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ ಹೆಚ್ಚುತ್ತವೆ ಅಂತ ಓದಿದ್ದೆ. ತೂಕವೇ ಇಳಿಯದಿದ್ದರೆ ಅವು ಹೆಚ್ಚಲು ಸಾಧ್ಯವೇ?

ಉತ್ತರ: ಸಾಧ್ಯ. ಮೈಟೊಕಾಂಡ್ರಿಯ ಎಂದರೆ ಜೀವಕೋಶದೊಳಗೆ ಆಮ್ಲಜನಕ ಬಳಸಿ ಸಕ್ಕರೆ, ಕೊಬ್ಬನ್ನು ಉರಿಸಿ ಶಕ್ತಿ ತಯಾರಿಸುವ ಪುಟ್ಟ ಘಟಕಗಳು. ಅವನ್ನು ಹೆಚ್ಚಿಸುವ ವ್ಯವಸ್ಥೆ ನಿಮ್ಮ ತೂಕವನ್ನು ನೋಡುವುದೇ ಇಲ್ಲ. ಅದು ನೋಡುವುದು ಆ ಸ್ನಾಯುವಿನ ಮೇಲೆ ಎಷ್ಟು ಕೆಲಸ ಬಿತ್ತು ಎಂಬುದನ್ನು ಮಾತ್ರ.

ಸ್ನಾಯುವಿಗೆ ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನ ರೂಪದಲ್ಲಿರುತ್ತದೆ. ಜೋರಾದ ಕೆಲಸಕ್ಕೆ ಅದರ ದಾಸ್ತಾನು ಕೆಲವೇ ಸೆಕೆಂಡಿಗೆ ಸಾಲುತ್ತದೆ. ಹಾಗಾಗಿ ಖರ್ಚಾದಂತೆಲ್ಲ ಹೊಸದನ್ನು ತಯಾರಿಸುತ್ತಲೇ ಇರಬೇಕು. ಖರ್ಚಿನ ವೇಗ ಏರಿದಾಗ ಎಟಿಪಿ ಒಡೆದು ಉಳಿಯುವ ಎಎಂಪಿ ಎಂಬ ತುಣುಕು ಜೀವಕೋಶದಲ್ಲಿ ಹೆಚ್ಚುತ್ತದೆ. ಎಎಂಪಿಕೆ ಎಂಬ ಕಿಣ್ವ ಅದನ್ನು ಗುರುತಿಸಿ ಎಚ್ಚೆತ್ತುಕೊಳ್ಳುತ್ತದೆ. ಸ್ನಾಯು ಪ್ರತಿ ಸಲ ಸಂಕುಚಿಸಿದಾಗ ಹೊರಬರುವ ಕ್ಯಾಲ್ಸಿಯಂ ಇನ್ನೊಂದು ಸೂಚನೆ. ಈ ಎರಡೂ ಸೇರಿ ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನನ್ನು ಕೆಲಸಕ್ಕೆ ಹಚ್ಚುತ್ತವೆ. ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದ್ದರೂ ಅದರಲ್ಲಿರುವುದು 37 ಜೀನ್, ಅವು ಕೊಡುವುದು 13 ಪ್ರೋಟೀನ್. ಉಳಿದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳು ಕೋಶಕೇಂದ್ರದ ಜೀನುಗಳಿಂದಲೇ ಬರಬೇಕು. ಎರಡೂ ಕಡೆಯ ತಯಾರಿ ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳುವವರಲ್ಲಿ ಈ ಪಿಜಿಸಿ-1 ಆಲ್ಫಾ ಮುಖ್ಯ.

ಇದು ಹೊಸ ಸಂಗತಿಯೇನಲ್ಲ. ಅಮೆರಿಕದ ವಿಜ್ಞಾನಿ ಜಾನ್ ಹಾಲೊಸ್ಜಿ 1967ರಲ್ಲೇ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವುಗಳ ಸ್ನಾಯುವಿನ ಆಮ್ಲಜನಕ ಬಳಸುವ ಸಾಮರ್ಥ್ಯ ಹೆಚ್ಚುಕಡಿಮೆ ಇಮ್ಮಡಿಯಾದದ್ದನ್ನು ತೋರಿಸಿದ್ದರು. 1970ರ ದಶಕದಲ್ಲಿ ಜನರಿಂದ ಒಂದೇ ಕಾಲಿನಲ್ಲಿ ಸೈಕಲ್ ತುಳಿಸಿದ ಪ್ರಯೋಗಗಳು ಇನ್ನೂ ಸ್ವಾರಸ್ಯದವು. ತುಳಿದ ಕಾಲಿನಲ್ಲಿ ಮೈಟೊಕಾಂಡ್ರಿಯದ ಕಿಣ್ವಗಳು ಏರಿದವು, ಸುಮ್ಮನಿದ್ದ ಕಾಲಿನಲ್ಲಿ ಏರಲಿಲ್ಲ. ಅದೇ ರಕ್ತ, ಅದೇ ಹಾರ್ಮೋನು, ಅದೇ ದೇಹ. ದುಡಿದ ಕಾಲಿಗೆ ಮಾತ್ರ ಕೂಲಿ.

ಇನ್ನು ಬೊಜ್ಜಿನ ವಿಷಯ. ಬೊಜ್ಜು ಮತ್ತು ಟೈಪ್ 2 ಮಧುಮೇಹ ಇರುವವರ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ ಸರಾಸರಿಯಲ್ಲಿ ಕಡಿಮೆ, ಗಾತ್ರದಲ್ಲೂ ಚಿಕ್ಕವು. ಒಳಗೆ ಬಂದ ಕೊಬ್ಬು ಪೂರ್ತಿ ಉರಿಯದೆ ಉಳಿದಾಗ ಡೈಅಸೈಲ್‌ಗ್ಲಿಸರಾಲ್, ಸೆರಮೈಡ್‌ನಂಥ ಅರೆಬರೆ ಪದಾರ್ಥಗಳು ಸೇರಿಕೊಂಡು ಇನ್ಸುಲಿನ್‌ನ ಸಂದೇಶಕ್ಕೆ ಅಡ್ಡ ಬರುತ್ತವೆ. ಮೈಟೊಕಾಂಡ್ರಿಯ ಕುಂದಿದ್ದರಿಂದ ಇನ್ಸುಲಿನ್ ಕೆಲಸ ಕೆಟ್ಟಿತೋ, ಕೂತೇ ಇದ್ದದ್ದರಿಂದ ಎರಡೂ ಕೆಟ್ಟವೋ ಎಂಬ ವಾದ ಇನ್ನೂ ಮುಗಿದಿಲ್ಲ. ನಮ್ಮ ಒಲವು ಎರಡನೆಯದರ ಕಡೆಗೆ. ಸ್ನಾಯುವಿನೊಳಗೆ ಸೇರುವ ಕೊಬ್ಬಿನ ಹನಿ ತಾನಾಗಿ ವಿಷವಲ್ಲ. ದೂರ ಓಡುವವರ ಸ್ನಾಯುವಿನಲ್ಲೂ ಅದು ಧಾರಾಳವಾಗಿರುತ್ತದೆ. ಆದರೆ ಅಲ್ಲಿ ಅದು ಮೈಟೊಕಾಂಡ್ರಿಯದ ಮಗ್ಗುಲಲ್ಲೇ ಕೂತಿರುತ್ತದೆ, ದಿನವೂ ಖಾಲಿಯಾಗಿ ದಿನವೂ ತುಂಬುತ್ತದೆ.

ಊಟ ಕಡಿಮೆ ಮಾಡಿ ತೂಕ ಇಳಿಸಿದವರನ್ನೂ, ಊಟ ಕಡಿಮೆ ಮಾಡುವುದರ ಜೊತೆ ವ್ಯಾಯಾಮವನ್ನೂ ಮಾಡಿದವರನ್ನೂ 2008ರ ಒಂದು ಅಧ್ಯಯನ ಹೋಲಿಸಿತು. ಇನ್ಸುಲಿನ್‌ಗೆ ಸ್ಪಂದಿಸುವ ಗುಣ ಎರಡೂ ಕಡೆ ಸುಧಾರಿಸಿತು. ಮೈಟೊಕಾಂಡ್ರಿಯದ ಪ್ರಮಾಣ ಏರಿದ್ದು ವ್ಯಾಯಾಮದವರಲ್ಲಿ ಮಾತ್ರ. ತೂಕ ಇಳಿಸುವುದರಲ್ಲಿ ಊಟದ ಪಾಲೇ ದೊಡ್ಡದು, ಅದನ್ನು ನಡಿಗೆಯಿಂದ ನಿರೀಕ್ಷಿಸಿದರೆ ನಿರಾಶೆ ಖಂಡಿತ.

ನಿಮ್ಮ ಪತ್ರದಲ್ಲಿ ನಮಗೆ ಅನುಮಾನ ಬಂದದ್ದು ಬೇರೆ ಕಡೆ. ಮೂರು ತಿಂಗಳಿಂದ ಅದೇ 40 ನಿಮಿಷ. ವೇಗವೂ ಅದೇ ಇದ್ದರೆ, ಮೊದಲ ವಾರ ಭಾರವೆನಿಸಿದ್ದು ಈಗ ನಿಮ್ಮ ಸ್ನಾಯುವಿಗೆ ಲೆಕ್ಕಕ್ಕೇ ಇಲ್ಲ. ಪರೀಕ್ಷಿಸುವುದು ಸುಲಭ: ಅದೇ ದಾರಿ, ಅದೇ ಸಮಯದಲ್ಲಿ ಮುಗಿಸಿ, ನಿಂತ ಕೂಡಲೇ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ತಿಂಗಳ ಹಿಂದಿನದಕ್ಕಿಂತ ಆ ಸಂಖ್ಯೆ ಇಳಿದಿದ್ದರೆ ಎರಡು ಅರ್ಥ. ನಿಮ್ಮ ಶ್ರಮ ಫಲ ಕೊಟ್ಟಿದೆ. ಇನ್ನು ಭಾರ ಹೆಚ್ಚಿಸಬೇಕು. ವಾರದಲ್ಲಿ ಎರಡು ದಿನ ಏರುದಾರಿ ಹಿಡಿಯಿರಿ, ಇಲ್ಲವೇ ಮುಂದಿನ ಉತ್ತರದಲ್ಲಿರುವ ಕ್ರಮ ನೋಡಿ. ಎರಡು ದಿನ ಸತತ ಬಿಡುವು ಬೇಡ. ಒಂದು ಸಲದ ವ್ಯಾಯಾಮದಿಂದ ಸ್ನಾಯು ಸಕ್ಕರೆಯನ್ನು ಚೆನ್ನಾಗಿ ಎಳೆದುಕೊಳ್ಳುವ ಗುಣ ಹೆಚ್ಚೆಂದರೆ ಎರಡು ದಿನ ಉಳಿಯುತ್ತದೆ, ಆಮೇಲೆ ಕರಗುತ್ತದೆ.

ಪ್ರಶ್ನೆ: ವಯಸ್ಸು 67. ರಕ್ತದೊತ್ತಡಕ್ಕೆ ಮಾತ್ರೆ ಇದೆ, ಹೃದಯ ಪರೀಕ್ಷೆ ಆಗಿದೆ, ವೈದ್ಯರು ವ್ಯಾಯಾಮಕ್ಕೆ ಒಪ್ಪಿದ್ದಾರೆ. ಈ ವಯಸ್ಸಿನ ಸ್ನಾಯುವಿನಲ್ಲಿ ಹೊಸ ಮೈಟೊಕಾಂಡ್ರಿಯ ಬರುತ್ತವೆಯೇ? ನಡಿಗೆ ಸಾಕೇ, ಭಾರ ಎತ್ತಬೇಕೇ?

ಉತ್ತರ: ಬರುತ್ತವೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18–30 ಮತ್ತು 65–80 ವಯಸ್ಸಿನವರಿಗೆ 12 ವಾರ ತರಬೇತಿ ಕೊಟ್ಟು, ಹೊರತೊಡೆಯ ಸ್ನಾಯುವಿನಿಂದ ಸೂಜಿಯಲ್ಲಿ ತೆಗೆದ ಚಿಕ್ಕ ತುಣುಕಿನಲ್ಲಿ ಮೈಟೊಕಾಂಡ್ರಿಯದ ಉಸಿರಾಟವನ್ನು, ಅಂದರೆ ಅವು ಆಮ್ಲಜನಕ ಬಳಸುವ ಸಾಮರ್ಥ್ಯವನ್ನು ಅಳೆದರು. ತೀವ್ರ ವ್ಯಾಯಾಮ ಮತ್ತು ಬಿಡುವು ಒಂದರ ಹಿಂದೊಂದು ಬರುವ ಕ್ರಮದಲ್ಲಿ ಕಿರಿಯರಿಗೆ 49%, ಹಿರಿಯರಿಗೆ 69% ಏರಿಕೆ. ಹಿರಿಯರು ಕಿರಿಯರನ್ನು ಮೀರಿಸಿದರು ಎಂದು ಇದನ್ನು ಓದಬೇಡಿ. ಅವರು ಹೊರಟದ್ದೇ ಕೆಳಗಿನಿಂದ. ಆದರೂ ಹಳೆಯ ಸ್ನಾಯುವಿಗೆ ಸೂಚನೆ ಕೇಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಭಾರ ಎತ್ತಿದ ತಂಡಕ್ಕೆ ಬಲ ಚೆನ್ನಾಗಿ ಬಂತು, ಮೈಟೊಕಾಂಡ್ರಿಯದ ಲಾಭ ಮಾತ್ರ ತೀವ್ರ ತಂಡದ ಹತ್ತಿರಕ್ಕೂ ಬರಲಿಲ್ಲ.

ಹಾಗೆಂದು ಭಾರವನ್ನು ಬಿಡುವಂತಿಲ್ಲ. ವಯಸ್ಸಾದಂತೆ ಮೊದಲು ಸೊರಗುವುದು ವೇಗದ ಸ್ನಾಯುತಂತುಗಳು. ಸಾಮಾನ್ಯ ನಡಿಗೆಗೆ ನಿಧಾನದ ತಂತುಗಳೇ ಸಾಕಾಗುವುದರಿಂದ ದೇಹ ವೇಗದವುಗಳನ್ನು ಕರೆಯುವುದೇ ಇಲ್ಲ. ಕರೆಯದ ತಂತುವಿಗೆ ಸೂಚನೆ ಇಲ್ಲ. ಆ ಒಂಟಿ ಕಾಲಿನ ಕಥೆಯೇ ಇಲ್ಲೂ. ಕುರ್ಚಿಯಿಂದ ಏಳುವಾಗ, ಎಡವಿದಾಗ ಸಾವರಿಸಿಕೊಳ್ಳುವಾಗ ಬೇಕಾಗುವುದು ಅವೇ ತಂತುಗಳು.

ಆ ಅಧ್ಯಯನದಲ್ಲಿ ವಾರಕ್ಕೆ ಮೂರು ದಿನ ಸೈಕಲ್ ಮೇಲೆ ನಾಲ್ಕು ನಿಮಿಷದ ನಾಲ್ಕು ಸುತ್ತು ತೀವ್ರವಾಗಿ ತುಳಿಸಿ, ನಡುವೆ ಮೂರು ನಿಮಿಷ ಭಾರವಿಲ್ಲದೆ ತುಳಿಸುತ್ತಿದ್ದರು. ಮನೆಯಲ್ಲಿ ಮೊದಲ ದಿನವೇ ಅದಕ್ಕೆ ಕೈಹಾಕುವುದು ಬೇಡ. ವಾರಕ್ಕೆ ಎರಡೇ ದಿನ, ನಡುವೆ ಎರಡು ದಿನವಾದರೂ ಬಿಟ್ಟು ಹೀಗೆ ಮಾಡಿ. ಮೊದಲು 10 ನಿಮಿಷ ನಿಧಾನ ನಡಿಗೆ. ಮೊದಲ ಮೂರು ವಾರ ಒಂದು ನಿಮಿಷ ಬಿರುಸು, ಎರಡು ನಿಮಿಷ ನಿಧಾನ, ಐದು ಸುತ್ತು. ನಾಲ್ಕರಿಂದ ಆರನೇ ವಾರ ಎರಡು ನಿಮಿಷ ಬಿರುಸು, ಎರಡು ನಿಮಿಷ ನಿಧಾನ, ಐದು ಸುತ್ತು. ಏಳನೇ ವಾರದಿಂದ ನಾಲ್ಕು ನಿಮಿಷ ಬಿರುಸು, ಮೂರು ನಿಮಿಷ ನಿಧಾನ. ಮೊದಲು ಮೂರು ಸುತ್ತು, ಒಗ್ಗಿದ ಮೇಲೆ ನಾಲ್ಕು. ಉಳಿದ ದಿನಗಳಲ್ಲಿ ಎರಡು ಸಲ 40–45 ನಿಮಿಷ ಮಾತಾಡುತ್ತಾ ನಡೆಯಬಹುದಾದ ವೇಗದ ನಡಿಗೆ.

ಬಿರುಸು ಎಂದರೆ ಎಷ್ಟು? ನಾಲ್ಕು ಪದ ಆಡುವಷ್ಟರಲ್ಲಿ ಉಸಿರು ಎಳೆದುಕೊಳ್ಳಬೇಕಾಗಿ ಬರುವಷ್ಟು. ಗರಿಷ್ಠ ನಾಡಿಯ ಅಂದಾಜಿಗೆ ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯುವುದುಂಟು. ನಿಮಗೆ ಅದು ಸುಮಾರು 161. ಆದರೆ ನಿಮ್ಮ ರಕ್ತದೊತ್ತಡದ ಮಾತ್ರೆ ಬೀಟಾ ಬ್ಲಾಕರ್ ಗುಂಪಿನದಾದರೆ ನಾಡಿ ಏರದಂತೆ ಅದು ತಡೆಯುತ್ತದೆ, ಕೈಗಡಿಯಾರ ತೋರಿಸುವ ಅಂಕಿಯನ್ನು ಬೆನ್ನಟ್ಟಿದರೆ ಮಿತಿ ಮೀರುತ್ತೀರಿ. ಮಾತಿನ ಪರೀಕ್ಷೆಯೇ ನಂಬಿಕೆಗೆ ಅರ್ಹ.

ಹೆಚ್ಚಿನವರು ತಪ್ಪುವುದು ಎರಡು ಕಡೆ. ಒಂದು, ಮೊದಲ ಸುತ್ತಿನಲ್ಲೇ ಪೂರ್ತಿ ಬಲ ಸುರಿಯುವುದು. ಕೊನೆಯ ಸುತ್ತೂ ಮೊದಲಿನಷ್ಟೇ ವೇಗದಲ್ಲಿ ಮುಗಿಯಬೇಕು. ಇನ್ನೊಂದು, ನಿಧಾನದ ನಿಮಿಷಗಳಲ್ಲೂ ಬೇಗ ನಡೆಯುವುದು. ಹಾಗಾದರೆ ಬಿರುಸಿನ ಭಾಗ ಬಿರುಸಾಗಿ ಉಳಿಯುವುದಿಲ್ಲ. ಮುಗಿದ ಮೇಲೆ ತಟ್ಟನೆ ನಿಲ್ಲಬೇಡಿ. ರಕ್ತ ಕಾಲಿನಲ್ಲಿ ನಿಂತು ಒತ್ತಡ ಇಳಿಯುತ್ತದೆ, ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ತಿರುಗುವುದು ಹೀಗೆಯೇ. ಐದರಿಂದ ಹತ್ತು ನಿಮಿಷ ನಿಧಾನಕ್ಕೆ ನಡೆದು ಮುಗಿಸಿ. ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ಕಣ್ಣು ಕತ್ತಲೆ, ತಾಳ ತಪ್ಪಿದ ಎದೆಬಡಿತ ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ.

ಬಲದ ವ್ಯಾಯಾಮ ಬೇರೆ ಎರಡು ದಿನ. ಕುರ್ಚಿ ಗೋಡೆಗೆ ತಾಗಿರಲಿ. ಅಂಚಿಗೆ ಸರಿದು ಕೂತು, ಹಿಮ್ಮಡಿಯನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಕೈ ಊರದೆ ಒಂದು ಸೆಕೆಂಡಿನಲ್ಲಿ ಎದ್ದು ಮೂರು ಸೆಕೆಂಡಿನಲ್ಲಿ ಕೂರಬೇಕು. ಏಳುವಾಗ ಉಸಿರು ಬಿಡಿ. ಬಿಗಿಹಿಡಿದರೆ ರಕ್ತದೊತ್ತಡ ಚಿಮ್ಮುತ್ತದೆ. ಎಂಟರಿಂದ ಹನ್ನೆರಡು ಸಲ, ಮೂರು ಸುತ್ತು, ಸುತ್ತುಗಳ ನಡುವೆ ಎರಡು ನಿಮಿಷ ಬಿಡುವು. ಕೊನೆಯ ಎರಡು ಸಲ ಕಷ್ಟವಾಗಲೇಬೇಕು. ಹನ್ನೆರಡೂ ಸಲೀಸಾದ ದಿನದಿಂದ ಎದೆಗೆ ಎರಡು ಕಿಲೊದ ಚೀಲ ಅವುಚಿಕೊಂಡು ಎದ್ದೇಳಿ. ಗೋಡೆಗೆ ಕೈಯೂರಿ ದೇಹ ತಳ್ಳುವುದು, ಎಳೆಯುವ ರಬ್ಬರ್ ಪಟ್ಟಿ, ಬೆರಳ ತುದಿಯ ಮೇಲೆ ನಿಂತು ಇಳಿಯುವುದು ಇವನ್ನೂ ಇದೇ ಲೆಕ್ಕದಲ್ಲಿ ಸೇರಿಸಿ. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಹಿರಿಯರಿಗೆ ದಿನಕ್ಕೆ ದೇಹತೂಕದ ಕಿಲೊಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು.

ಪ್ರಶ್ನೆ: ತೂಕ 110 ಕಿಲೊ, ಮಂಡಿ ಸವೆದಿದೆ. ಬಿರುಸು ನಡಿಗೆ ಆಗದು. ಕೈಗಳಿಂದ ಮಾಡುವ ವ್ಯಾಯಾಮ ಸಾಕೇ?

ಉತ್ತರ: ಕೈಯಿಂದ ಮಾಡಿದ್ದು ಕೈಯ ಸ್ನಾಯುವಿಗೆ ಸೇರುತ್ತದೆ. ಹೃದಯಕ್ಕೂ ಒಳ್ಳೆಯದು, ಆದರೆ ತೊಡೆಯ ಮೈಟೊಕಾಂಡ್ರಿಯಕ್ಕೆ ತೊಡೆಯೇ ದುಡಿಯಬೇಕು. ಕಾಲು ನೆಲಕ್ಕೆ ಬಡಿಯಲೇಬೇಕೆಂಬ ನಿಯಮ ಅದಕ್ಕಿಲ್ಲ. ಕೂತು ತುಳಿಯುವ, ಮುಂದೆ ಚಲಿಸದ ವ್ಯಾಯಾಮದ ಸೈಕಲ್ ನಿಮಗೆ ಒಳ್ಳೆಯ ಆಯ್ಕೆ. ಸೀಟು ಎತ್ತರ ಸರಿಯಿರಬೇಕು: ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಮಾತ್ರ ಮಡಚಿರಲಿ. ಸೀಟು ತಗ್ಗಿದ್ದರೆ ಮಂಡಿಚಿಪ್ಪಿನ ಹಿಂದೆ ಒತ್ತಡ ಬಿದ್ದು ನೋವು ಹೆಚ್ಚುತ್ತದೆ, ಬೈಗುಳ ಮಾತ್ರ ಸೈಕಲ್‌ಗೆ. ಭಾರ ಕಡಿಮೆ ಇಟ್ಟು ಕಾಲು ಬೇಗ ಆಡಿಸಿ. ಐದು ನಿಮಿಷದ ಮೂರು ಕಂತಿನಿಂದ ಶುರುಮಾಡಿ, ವಾರಕ್ಕೊಮ್ಮೆ ಪ್ರತಿ ಕಂತಿಗೆ ಒಂದು ನಿಮಿಷ ಸೇರಿಸಿ. ಎದೆಮಟ್ಟದ ನೀರಿನಲ್ಲಿ ನಡೆಯುವ ಅವಕಾಶವಿದ್ದರೆ ಕಾಲಿನ ಮೇಲಿನ ಭಾರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ವ್ಯಾಯಾಮದ ಹೊತ್ತಿನ ಸಣ್ಣ ನೋವಿಗೆ ಹೆದರಬೇಡಿ. ಮರುದಿನ ಬೆಳಿಗ್ಗೆ ನೋವೋ ಊತವೋ ಹೆಚ್ಚಿದ್ದರೆ ಮುಂದಿನ ಸಲ ಅರ್ಧಕ್ಕೆ ಇಳಿಸಿ. ತೂಕವೂ ಇಳಿಯಲಿ: ಒಂದು ಕಿಲೊ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೊ ಭಾರ ತಗ್ಗುತ್ತದೆ.

ಪ್ರಶ್ನೆ: ವ್ಯಾಯಾಮದ ಜೊತೆಗೆ ವಿಟಮಿನ್ ಸಿ, ಇ ಮಾತ್ರೆ ಮತ್ತು ಕೋಎನ್‌ಜೈಮ್ ಕ್ಯೂ10 ತೆಗೆದುಕೊಂಡರೆ ಮೈಟೊಕಾಂಡ್ರಿಯಕ್ಕೆ ಇನ್ನೂ ಒಳ್ಳೆಯದಲ್ಲವೇ? ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಕೂಡ ಇದೆ.

ಉತ್ತರ: ವಿಟಮಿನ್ ಮಾತ್ರೆಯ ವಿಷಯದಲ್ಲಿ ಆಗುವುದು ತಿರುಗುಮುರುಗು. ದುಡಿಯುವ ಸ್ನಾಯುವಿನಲ್ಲಿ ಹುಟ್ಟುವ ಆಕ್ಸಿಡೀಕಾರಕ ಕಣಗಳೂ ಮೈಟೊಕಾಂಡ್ರಿಯ ಹೆಚ್ಚಿಸಿ ಎಂಬ ಸೂಚನೆಯ ಒಂದು ಭಾಗ. ವಿಟಮಿನ್ ಸಿ, ಇ ಮಾತ್ರೆಗಳಿಂದ ದೊಡ್ಡ ಪ್ರಮಾಣದಲ್ಲಿ ಅವನ್ನು ಅಳಿಸಿದರೆ ಸೂಚನೆಯೂ ಅಳಿಯುತ್ತದೆ. 2009ರ ಜರ್ಮನಿಯ ಅಧ್ಯಯನದಲ್ಲಿ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ, 400 ಐಯು ವಿಟಮಿನ್ ಇ ತೆಗೆದುಕೊಂಡವರಿಗೆ ವ್ಯಾಯಾಮದಿಂದ ಸಿಗಬೇಕಿದ್ದ ಇನ್ಸುಲಿನ್ ಲಾಭ ಸಿಗಲಿಲ್ಲ. 2014ರ ನಾರ್ವೆಯ ಅಧ್ಯಯನದಲ್ಲಿ ಈ ಮಾತ್ರೆ ತೆಗೆದುಕೊಂಡವರಲ್ಲಿ ಮೈಟೊಕಾಂಡ್ರಿಯದ ಪ್ರೋಟೀನಿನ ಏರಿಕೆ ಮಂಕಾಯಿತು, ದಣಿಯದೆ ದುಡಿಯುವ ಶಕ್ತಿ ಮಾತ್ರ ಮಾತ್ರೆ ತೆಗೆದುಕೊಂಡವರಿಗೂ ಉಳಿದವರಿಗೂ ಹೆಚ್ಚಿತು. ಹಣ್ಣು ತರಕಾರಿಯಲ್ಲಿ ಬರುವ ವಿಟಮಿನ್‌ಗೆ ಈ ಮಾತು ಅನ್ವಯಿಸದು. ಕ್ಯೂ10ನ್ನು ಆರೋಗ್ಯವಂತ ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಮೈಟೊಕಾಂಡ್ರಿಯ ಶಕ್ತಿ ತಯಾರಿಸುವಾಗ ಎಲೆಕ್ಟ್ರಾನು ಸಾಗಿಸುವುದು ಅದರ ಕೆಲಸ, ಹೊಸ ಮೈಟೊಕಾಂಡ್ರಿಯ ಕಟ್ಟಿಸುವುದಲ್ಲ.

ಮೆಟ್‌ಫಾರ್ಮಿನ್ ಮೈಟೊಕಾಂಡ್ರಿಯದ ಮೊದಲ ಸಂಕೀರ್ಣವನ್ನೇ, ಅಂದರೆ ಶಕ್ತಿ ತಯಾರಿಸುವ ಪ್ರೋಟೀನು ಸರಣಿಯ ಮೊದಲ ಕೊಂಡಿಯನ್ನೇ ಸ್ವಲ್ಪ ತಡೆಯುವ ಔಷಧ. ಹಿರಿಯರ ಮೇಲಿನ 2019ರ ಅಧ್ಯಯನದಲ್ಲಿ 12 ವಾರದ ವ್ಯಾಯಾಮದಿಂದ ಮೈಟೊಕಾಂಡ್ರಿಯದ ಉಸಿರಾಟದಲ್ಲಿ ಬರಬೇಕಿದ್ದ ಏರಿಕೆಯನ್ನು ಅದು ಕುಗ್ಗಿಸಿದ್ದು ನಿಜ. ಆದರೆ ಆ ಜನಕ್ಕೆ ಮಧುಮೇಹ ಇರಲಿಲ್ಲ. ನಿಮಗೆ ಇದೆ, ಸಕ್ಕರೆ ಹತೋಟಿ ತಪ್ಪಿದರೆ ಆಗುವ ಹಾನಿ ಇದಕ್ಕಿಂತ ಎಷ್ಟೋ ದೊಡ್ಡದು. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ವ್ಯಾಯಾಮದಿಂದ ಸಕ್ಕರೆ ಇಳಿಯುತ್ತ ಬಂದರೆ ಆ ದಾಖಲೆ ಹಿಡಿದು ವೈದ್ಯರ ಬಳಿ ಹೋಗಿ, ಪ್ರಮಾಣ ಬದಲಿಸುವುದು ಅವರ ಕೆಲಸ.

ಪ್ರಶ್ನೆ: ಜ್ವರದಿಂದ ಒಂದು ತಿಂಗಳು ವ್ಯಾಯಾಮ ತಪ್ಪಿತು. ಗಳಿಸಿದ್ದೆಲ್ಲ ಹೋಯಿತೇ?

ಉತ್ತರ: ಬಹುಪಾಲು ಹೋಗಿರುತ್ತದೆ. ಮೈಟೊಕಾಂಡ್ರಿಯದ ಪ್ರೋಟೀನುಗಳ ಆಯುಷ್ಯ ಚಿಕ್ಕದು. ಬೇಡಿಕೆ ನಿಂತರೆ ಒಂದೆರಡು ವಾರದಲ್ಲೇ ಇಳಿಕೆ ಕಾಣುತ್ತದೆ, ಆರು ವಾರದ ಹೊತ್ತಿಗೆ ಕಿಣ್ವಗಳು ಹೊರಟಲ್ಲಿಗೆ ಮರಳುತ್ತವೆ. ಸ್ನಾಯುಬಲ ಅಷ್ಟು ಬೇಗ ಇಳಿಯುವುದಿಲ್ಲ, ಅದೇ ಮೋಸ: ಕಾಲು ಗಟ್ಟಿಯಿದೆ ಎಂದು ಹಳೆಯ ವೇಗಕ್ಕೇ ಇಳಿದರೆ ಹತ್ತೇ ನಿಮಿಷಕ್ಕೆ ಏದುಸಿರು. ಜ್ವರ ಪೂರ್ತಿ ಬಿಟ್ಟ ಮೇಲೆ ಹಿಂದಿನ ಅರ್ಧ ಸಮಯ, ಅರ್ಧ ಸುತ್ತಿನಿಂದ ಶುರುಮಾಡಿ, ಮೂರು ನಾಲ್ಕು ವಾರದಲ್ಲಿ ಏರಿಸುತ್ತ ಬನ್ನಿ. ಮುಂದೆ ಪ್ರಯಾಣವೋ ಕೆಲಸದ ಒತ್ತಡವೋ ಬಂದಾಗ ದಿನಗಳನ್ನು ಕಡಿಮೆ ಮಾಡಿ, ಬಿರುಸನ್ನು ಕಡಿಮೆ ಮಾಡಬೇಡಿ. 1980ರ ದಶಕದ ಆರಂಭದ ಪ್ರಯೋಗವೊಂದರಲ್ಲಿ ವಾರಕ್ಕೆ ಆರು ದಿನವಿದ್ದ ತರಬೇತಿಯನ್ನು ಎರಡು ದಿನಕ್ಕೆ ಇಳಿಸಿ ಬಿರುಸನ್ನು ಹಾಗೇ ಇಟ್ಟವರ ಗರಿಷ್ಠ ಆಮ್ಲಜನಕ ಬಳಕೆ 15 ವಾರವಾದರೂ ಕುಸಿಯಲಿಲ್ಲ.