ಒಂದು ಪಟ್ಟಿಯ ಕ್ರಮಕ್ಕೆ ಇನ್ನೊಂದನ್ನು ಹೊಂದಿಸುವುದು ಹೇಗೆ?

ಪ್ರಶ್ನೆ: ಪೈಥಾನ್‌ನಲ್ಲಿ ವರದಿ ತಯಾರಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಶಾಲೆಗಳ ಸುಮಾರು 20,000 ಸಾಲುಗಳಿವೆ. ಅವು ಅಕಾರಾದಿಯಲ್ಲಿ ಬರಬಾರದು. ಕಂದಾಯ ವಿಭಾಗವಾರು ಜಿಲ್ಲೆಗಳನ್ನು ಬರೆದ ಬೇರೊಂದು ಫೈಲ್ ಇದೆ, ಅದೇ ಕ್ರಮದಲ್ಲಿ ಬರಬೇಕು. ಸಾರ್ಟ್ ಮಾಡುವಾಗ, ಯಾವುದನ್ನು ನೋಡಿ ಜೋಡಿಸಬೇಕೆಂದು ಹೇಳುವ ಕೀ ಜಾಗದಲ್ಲಿ ಕ್ರಮದ ಪಟ್ಟಿಯ ‘ಇಂಡೆಕ್ಸ್’ ಕೊಟ್ಟಿದ್ದೇನೆ. ಕೆಲವೊಮ್ಮೆ ‘ವ್ಯಾಲ್ಯೂ ಎರರ್’ ಬಂದು ನಿಂತುಬಿಡುತ್ತದೆ. ಕೋಲಾರ ಪಟ್ಟಿಯಲ್ಲಿ ಕಣ್ಣೆದುರೇ ಇದ್ದರೂ ಇಲ್ಲ ಎನ್ನುತ್ತದೆ. 5,000 ಊರಿನ ಕೋಡ್‌ಗಳ ಇನ್ನೊಂದು ಪಟ್ಟಿಗೆ ಇದನ್ನೇ ಬಳಸಿದರೆ ತೀರಾ ನಿಧಾನ. ಏನು ಮಾಡಲಿ?

ಉತ್ತರ: ನಿಧಾನದ್ದು ಸುಲಭ, ಅದನ್ನು ಮೊದಲು ಮುಗಿಸೋಣ. ‘ಇಂಡೆಕ್ಸ್’ ಎಂದಾಗಲೆಲ್ಲ ಪೈಥಾನ್ ಪಟ್ಟಿಯ ತಲೆಯಿಂದ ಒಂದೊಂದೇ ಹೆಸರು ಹೋಲಿಸುತ್ತಾ ಬರುತ್ತದೆ. 5,000 ಕೋಡ್‌ಗಳಲ್ಲಿ ಒಂದನ್ನು ಹುಡುಕಲು ಸರಾಸರಿ 2,500 ಹೋಲಿಕೆ ಬೇಕು. 20,000 ಸಾಲಿಗೆ ಅದು 5 ಕೋಟಿ ಆಗುತ್ತದೆ. ಕಾಲ ಹಿಡಿಯುವುದು ಸಾರ್ಟ್ ಅಲ್ಲ, ಈ ಹುಡುಕಾಟ.

ಅದಕ್ಕೆ ಕ್ರಮದ ಪಟ್ಟಿಯನ್ನು ಒಮ್ಮೆ ಮಾತ್ರ ಓದಿ ಡಿಕ್ಷನರಿ (ಹೆಸರು ಕೊಟ್ಟರೆ ಅದರ ಬೆಲೆಯನ್ನು ನೇರವಾಗಿ ಕೊಡುವ ಕೋಷ್ಟಕ) ಮಾಡಿಟ್ಟುಕೊಳ್ಳಿ. ‘ಎನ್ಯೂಮರೇಟ್’ ಬಳಸಿ ಪ್ರತಿ ಹೆಸರಿಗೂ ಅದರ ಸ್ಥಾನ ಸಿಗುವ ಹಾಗೆ:

ಸ್ಥಾನ = { ಬೆಳಗಾವಿ: 0, ಬಾಗಲಕೋಟೆ: 1, ವಿಜಯಪುರ: 2, ಗದಗ: 3 … }

ಆಮೇಲೆ ‘ಸಾರ್ಟೆಡ್’ಗೆ ಕೊಡುವ ಕೀ ಫಂಕ್ಷನ್, ಸಾಲಿನ ಜಿಲ್ಲೆಯ ಹೆಸರು ತೆಗೆದು ಈ ಡಿಕ್ಷನರಿಯಲ್ಲಿ ನೋಡಿ ಸಂಖ್ಯೆ ವಾಪಸ್ ಕೊಟ್ಟರೆ ಸಾಕು. ಪೈಥಾನ್ ಒಂದು ಸಾಲಿಗೆ ಕೀ ಫಂಕ್ಷನ್ನನ್ನು ಒಂದೇ ಸಲ ಕರೆಯುತ್ತದೆ. ಹಾಗಾಗಿ 5 ಕೋಟಿ ಹೋಲಿಕೆಯ ಜಾಗದಲ್ಲಿ 5,000 ಹೆಸರಿನ ಡಿಕ್ಷನರಿ ಕಟ್ಟುವುದು, 20,000 ಸಲ ಅದರಲ್ಲಿ ನೋಡುವುದು, ಇಷ್ಟೇ ಉಳಿಯುತ್ತದೆ.

ಇನ್ನು ಎರರ್. ಕ್ರಮದ ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ಎಲ್ಲಿಗೆ ಹೋಗಬೇಕು ಎಂದು ನೀವು ತೀರ್ಮಾನಿಸಿಲ್ಲ, ಅದಕ್ಕೇ ಪ್ರೋಗ್ರಾಂ ನಿಲ್ಲುತ್ತಿದೆ. ನಿಮ್ಮ ಫೈಲ್ 2021ಕ್ಕಿಂತ ಹಳೆಯದಾದರೆ ಅದರಲ್ಲಿ 30 ಜಿಲ್ಲೆಗಳಷ್ಟೇ ಇರುತ್ತವೆ, ವಿಜಯನಗರ ಇರುವುದಿಲ್ಲ. 2014ಕ್ಕಿಂತ ಹಿಂದಿನದಾದರೆ ಬೆಳಗಾವಿ ಬೆಳಗಾಂ ಎಂದೂ ಕಲಬುರಗಿ ಗುಲ್ಬರ್ಗ ಎಂದೂ ಇರಬಹುದು. ರಾಮನಗರ 2025ರಲ್ಲಿ ಬೆಂಗಳೂರು ದಕ್ಷಿಣ ಆಗಿದೆ. ಹಳೆಯ ಹೆಸರಿನಿಂದ ಹೊಸ ಹೆಸರಿಗೆ ಇನ್ನೊಂದು ಪುಟ್ಟ ಡಿಕ್ಷನರಿ ಇಟ್ಟುಕೊಂಡು, ಸಾರ್ಟ್‌ಗೆ ಮೊದಲೇ ಹೆಸರು ಬದಲಿಸಿಕೊಳ್ಳುವುದೇ ಸರಿ.

ಅಷ್ಟಾದರೂ ಸಿಗದ ಹೆಸರುಗಳಿಗೆ ಡಿಕ್ಷನರಿಯ ‘ಗೆಟ್’ ಬಳಸಿ, ಸಿಗದಿದ್ದಾಗ ಡಿಕ್ಷನರಿಯ ಉದ್ದವನ್ನೇ ಕೊಡಿ. 31 ಜಿಲ್ಲೆಗಳಿದ್ದರೆ ಸ್ಥಾನಗಳು 0ಯಿಂದ 30ರವರೆಗೆ ಇರುತ್ತವೆ, ಗೊತ್ತಿಲ್ಲದ್ದಕ್ಕೆ 31 ಸಿಕ್ಕಿ ಅದು ಕೊನೆಗೆ ಹೋಗುತ್ತದೆ. ‘ಗೆಟ್’ ಎಂದಷ್ಟೇ ಬರೆದು ಬಿಟ್ಟರೆ ‘ನನ್’ (ಏನೂ ಇಲ್ಲ ಎಂಬ ಬೆಲೆ) ವಾಪಸ್ ಬರುತ್ತದೆ. ಪೈಥಾನ್ 3 ಅದನ್ನು ಸಂಖ್ಯೆಯ ಜೊತೆ ಹೋಲಿಸಲಾರದೆ ‘ಟೈಪ್ ಎರರ್’ ಎಸೆಯುತ್ತದೆ. ಆದರೆ ಗೊತ್ತಿಲ್ಲದ್ದನ್ನೆಲ್ಲ ಸದ್ದಿಲ್ಲದೆ ಕೊನೆಗೆ ತಳ್ಳುವುದು ವರದಿಗೆ ಒಳ್ಳೆಯದಲ್ಲ. ಸಾಲುಗಳಲ್ಲಿರುವ ಹೆಸರುಗಳ ‘ಸೆಟ್’ನಿಂದ (ಒಂದು ಹೆಸರು ಒಂದೇ ಸಲ ಇರುವ ಗುಂಪು) ಕ್ರಮದ ಹೆಸರುಗಳ ‘ಸೆಟ್’ ಕಳೆದು, ಉಳಿದದ್ದನ್ನು ಸಾರ್ಟ್‌ಗೆ ಮೊದಲೇ ಪ್ರಿಂಟ್ ಮಾಡಿ ನೋಡಿ. ಒಂದೇ ಸಾಲಿನ ಕೋಡ್, ಅರ್ಧ ದಿನದ ತಲೆನೋವು ತಪ್ಪುತ್ತದೆ.

ಕೋಲಾರದ ವಿಷಯ ಕನ್ನಡ ಪಠ್ಯದ ಜೊತೆ ಕೆಲಸ ಮಾಡುವವರೆಲ್ಲ ತಿಳಿದಿರಬೇಕಾದದ್ದು. ಯೂನಿಕೋಡ್‌ನಲ್ಲಿ ‘ಕೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಉದ್ದ ಹೇಳುವ ‘ಲೆನ್’ ಕೇಳಿದರೆ ಮಾತ್ರ ಮೊದಲನೆಯ ಕೋಲಾರಕ್ಕೆ 5, ಎರಡನೆಯದಕ್ಕೆ 7 ಎನ್ನುತ್ತದೆ. ಹೋಲಿಸಿದರೆ ಎರಡೂ ಬೇರೆ ಪದಗಳು. ಹಳೆಯ ಮ್ಯಾಕ್‌ನ ಫೈಲ್ ಹೆಸರುಗಳಿಂದ ತೆಗೆದ ಪಠ್ಯದಲ್ಲಿ ಈ ಬಿಡಿಸಿದ ರೂಪ ಬರುತ್ತದೆ. ‘ಕೊಪ್ಪಳ’, ‘ಕೊಡಗು’, ‘ಬೀದರ್’, ‘ಹಾವೇರಿ’ ಇವಕ್ಕೂ ಇದೇ ಪಾಡು. ‘ಗದಗ’ಕ್ಕೆ ಈ ಕಾಟವಿಲ್ಲ. ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಜ್’ನಿಂದ ಎರಡೂ ಕಡೆಯ ಹೆಸರುಗಳನ್ನು ‘ಎನ್‌ಎಫ್‌ಸಿ’ ಎಂಬ ಕೂಡಿಸಿದ ರೂಪಕ್ಕೆ ತಂದರೆ ಇದು ಮುಗಿಯಿತು.

ಎರಡು ಸಂಗತಿ ಮಾತ್ರ ‘ಎನ್‌ಎಫ್‌ಸಿ’ಗೂ, ಅಂಚಿನ ಖಾಲಿ ಜಾಗ ತೆಗೆಯುವ ‘ಸ್ಟ್ರಿಪ್’ಗೂ ಜಗ್ಗುವುದಿಲ್ಲ. ಒಂದು, ಒತ್ತಕ್ಷರ ಆಗದಂತೆ ತಡೆಯಲು ಕೀಲಿಮಣೆ ಸೇರಿಸುವ, ಕಣ್ಣಿಗೆ ಕಾಣದ ‘ಜೀರೋ ವಿಡ್ತ್ ನಾನ್ ಜಾಯಿನರ್’. ಹೆಸರಿನ ಕೊನೆಯಲ್ಲಿ ಇದು ಅಂಟಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೋಲಿಕೆಗೆ ಬಳಸುವ ಪ್ರತಿಯಲ್ಲಿ ಮಾತ್ರ ಅದನ್ನು ‘ರಿಪ್ಲೇಸ್’ನಿಂದ ತೆಗೆಯಿರಿ, ಅಚ್ಚಾಗುವ ಹೆಸರಿನಲ್ಲಿ ಇರಲಿ. ಇನ್ನೊಂದು, ಎಕ್ಸೆಲ್‌ನಿಂದ ಉಳಿಸಿದ ಸಿಎಸ್‌ವಿ ಫೈಲಿನ ಆರಂಭದಲ್ಲಿ ಎನ್‌ಕೋಡಿಂಗ್ ಸೂಚಿಸಲು ಇರುವ, ಕಾಣದ ‘ಬಾಮ್’ ಗುರುತು. ಪಟ್ಟಿಯ ಮೊದಲ ಹೆಸರೊಂದೇ ಸಿಗದೆ ಉಳಿದೆಲ್ಲ ಸಿಗುತ್ತಿದ್ದರೆ ಕಾರಣ ಇದೇ ಎಂದು ತಿಳಿಯಿರಿ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಎಂದು ಕೊಡಿ.

ಒಂದೇ ಜಿಲ್ಲೆಯ ಶಾಲೆಗಳು ಒಳಗೊಳಗೆ ಯಾವ ಕ್ರಮದಲ್ಲಿರುತ್ತವೆ? ಮೊದಲಿದ್ದ ಹಾಗೆಯೇ. ಪೈಥಾನ್ 2.3ರಿಂದ ಇರುವ ಟಿಮ್‌ಸಾರ್ಟ್ ಎಂಬ ಜೋಡಿಸುವ ವಿಧಾನ, ಸಮ ಸ್ಥಾನದವುಗಳ ಮೂಲ ಕ್ರಮವನ್ನು ಕದಲಿಸುವುದಿಲ್ಲ. ತಾಲ್ಲೂಕು, ಆಮೇಲೆ ಶಾಲೆಯ ಕೋಡ್ ಎಂದು ಬೇಕಿದ್ದರೆ ಕೀ ಫಂಕ್ಷನ್ನಿಂದ ಜಿಲ್ಲೆಯ ಸ್ಥಾನ, ತಾಲ್ಲೂಕು, ಕೋಡ್ ಮೂರನ್ನೂ ಸೇರಿಸಿದ ಟ್ಯೂಪಲ್ (ಬೆಲೆಗಳ ಗೊಂಚಲು) ಕೊಡಿ. ಕ್ರಮದ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಕಡೆ ಇದ್ದರೆ ನಿಮ್ಮ ಹಳೆಯ ‘ಇಂಡೆಕ್ಸ್’ ಮೊದಲ ಜಾಗ ಹಿಡಿಯುತ್ತಿತ್ತು, ಡಿಕ್ಷನರಿ ಕೊನೆಯ ಜಾಗ ಹಿಡಿಯುತ್ತದೆ. ಬದಲಾಯಿಸಿದ ಮೇಲೆ ಫಲಿತಾಂಶ ಬೇರೆ ಬಂದರೆ ಇದನ್ನೂ ನೋಡಿ. ಮತ್ತೆ, ಲಿಸ್ಟಿನ ‘ಸಾರ್ಟ್’ ಇದ್ದಲ್ಲೇ ಜೋಡಿಸಿ ‘ನನ್’ ಕೊಡುತ್ತದೆ, ಹೊಸ ಪಟ್ಟಿ ಕೊಡುವುದು ‘ಸಾರ್ಟೆಡ್’.

ಪ್ರಶ್ನೆ: ನಮ್ಮ ಆನ್‌ಲೈನ್ ಅಂಗಡಿಯಲ್ಲಿ ಹುಡುಕಾಟದ ಸರ್ವರ್ 50 ಐಡಿಗಳನ್ನು ಸರಿಯಾದ ಕ್ರಮದಲ್ಲೇ ಕೊಡುತ್ತದೆ. ಆ ಐಡಿಗಳನ್ನು ಕ್ವೆರಿಯ ‘ಇನ್’ ಒಳಗೆ ಹಾಕಿ ಮೈಎಸ್‌ಕ್ಯೂಎಲ್ ಡೇಟಾಬೇಸಿನಿಂದ ವಿವರ ತಂದರೆ ಕ್ರಮ ಕಲಸಿಹೋಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ‘ಇಂಡೆಕ್ಸ್ ಆಫ್’ ಹಾಕಿ ಸಾರ್ಟ್ ಮಾಡುವುದು ಸರಿಯೇ?

ಉತ್ತರ: ‘ಇನ್’ ಒಳಗೆ ಬರೆದ ಕ್ರಮಕ್ಕೂ ಬರುವ ಸಾಲುಗಳ ಕ್ರಮಕ್ಕೂ ಸಂಬಂಧವೇ ಇಲ್ಲ, ಡೇಟಾಬೇಸ್ ಅದನ್ನು ಕಾಯುವುದೂ ಇಲ್ಲ. 50 ಐಡಿಗೆ ‘ಇಂಡೆಕ್ಸ್ ಆಫ್’ ಸಾಕು. ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಹೋಲಿಕೆಯ ಫಂಕ್ಷನ್ ಹೋಲಿಸುವ ಪ್ರತಿ ಜೋಡಿಗೂ ಓಡಿ, ‘ಇಂಡೆಕ್ಸ್ ಆಫ್’ ಅನ್ನು ಎರಡೆರಡು ಸಲ ಕರೆಯುತ್ತದೆ. ಮೇಲಿನ ಪ್ರಶ್ನೆಯ ಗಾತ್ರದ ಪಟ್ಟಿಗಳಾದರೆ 5 ಕೋಟಿ ಅಲ್ಲ, ಸುಮಾರು 140 ಕೋಟಿ ಹೋಲಿಕೆ. ಜೊತೆಗೆ ಸಿಗದ ಐಡಿಗೆ -1 ಬರುವುದರಿಂದ ಅದು ಎಲ್ಲಕ್ಕಿಂತ ಮೊದಲು ಕೂರುತ್ತದೆ.

ನಿಮ್ಮ ಕೆಲಸಕ್ಕಂತೂ ಸಾರ್ಟ್ ಬೇಕೇ ಇಲ್ಲ. ಪ್ರತಿ ಐಡಿಗೆ ಒಂದೇ ಸಾಲು ತಾನೆ? ಬಂದ ಸಾಲುಗಳನ್ನು ಐಡಿಯನ್ನೇ ಕೀ ಮಾಡಿ ಒಂದು ‘ಮ್ಯಾಪ್’ಗೆ (ಪೈಥಾನ್ ಡಿಕ್ಷನರಿಯಂಥದ್ದು) ತುಂಬಿ. ಆಮೇಲೆ ಹುಡುಕಾಟದ ಸರ್ವರ್ ಕೊಟ್ಟ ಪಟ್ಟಿಯ ಮೇಲೆ ಮೊದಲಿಂದ ಕೊನೆಗೆ ನಡೆದು, ಒಂದೊಂದು ಐಡಿಯ ಸಾಲನ್ನು ‘ಮ್ಯಾಪ್’ನಿಂದ ಎತ್ತಿಕೊಳ್ಳಿ. ಅಷ್ಟರಲ್ಲಿ ಡಿಲೀಟ್ ಆದ ವಸ್ತುವಿಗೆ ‘ಅನ್‌ಡಿಫೈನ್ಡ್’ ಬರುತ್ತದೆ, ಅದನ್ನು ‘ಫಿಲ್ಟರ್’ ಮಾಡಿ. ‘ಮ್ಯಾಪ್’ ಬದಲು ಸಾದಾ ಆಬ್ಜೆಕ್ಟ್ ಬಳಸಿ ‘ವ್ಯಾಲ್ಯೂಸ್’ ತೆಗೆಯಲು ಹೋಗಬೇಡಿ, ಅಂಕಿಯ ಕೀಗಳನ್ನು ಅದು ಏರಿಕೆಯ ಕ್ರಮದಲ್ಲೇ ಕೊಡುತ್ತದೆ. ಮತ್ತೆ ‘ಮ್ಯಾಪ್’ಗೆ 217 ಎಂಬ ಸಂಖ್ಯೆಯೂ "217" ಎಂಬ ಸ್ಟ್ರಿಂಗೂ ಬೇರೆ ಬೇರೆ. 50ರಲ್ಲಿ ಒಂದೂ ಸಿಗುತ್ತಿಲ್ಲವೆಂದರೆ ಮೊದಲು ಇದನ್ನೇ ಅನುಮಾನಿಸಿ, ಎರಡೂ ಕಡೆ ‘ಸ್ಟ್ರಿಂಗ್’ ಮಾಡಿಕೊಳ್ಳಿ.

ಡೇಟಾಬೇಸಿನಲ್ಲೇ ಮಾಡುವುದಿದ್ದರೆ ಮೈಎಸ್‌ಕ್ಯೂಎಲ್‌ನ ‘ಆರ್ಡರ್ ಬೈ ಫೀಲ್ಡ್’ ಇದೆ. ಪಟ್ಟಿಯಲ್ಲಿಲ್ಲದ್ದಕ್ಕೆ ‘ಫೀಲ್ಡ್’ 0 ಕೊಡುವುದರಿಂದ ಅವು ಮೇಲೆ ಬರುತ್ತವೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ 9.5ನೇ ಆವೃತ್ತಿಯಿಂದ ‘ಅರೇ ಪೊಸಿಷನ್’ ಇದೆ. ಅಲ್ಲಿ ಸಿಗದ್ದಕ್ಕೆ ‘ನಲ್’, ಅದು ಕೊನೆಗೆ.

ಪ್ರಶ್ನೆ: ಕೋಡ್ ಬರೆಯಲು ಬರುವುದಿಲ್ಲ. ಎಕ್ಸೆಲ್‌ನಲ್ಲಿ ಇದು ಆಗುತ್ತದೆಯೇ?

ಉತ್ತರ: ಆಗುತ್ತದೆ. ಪಕ್ಕದಲ್ಲೊಂದು ಖಾಲಿ ಕಾಲಂ ಮಾಡಿ, ಪ್ರತಿ ಸಾಲಿನ ಹೆಸರು ಕ್ರಮದ ಪಟ್ಟಿಯಲ್ಲಿ ಎಷ್ಟನೆಯದು ಎಂದು ‘ಮ್ಯಾಚ್’ನಿಂದ ತೆಗೆಯಿರಿ. ನಂತರ ಆ ಕಾಲಂ ಮೇಲೆ ಸಾರ್ಟ್ ಮಾಡಿ. ‘ಮ್ಯಾಚ್’ನ ಮೂರನೇ ಜಾಗದಲ್ಲಿ 0 ಹಾಕಲೇಬೇಕು. ಬಿಟ್ಟರೆ ಪಟ್ಟಿ ಏರಿಕೆಯ ಕ್ರಮದಲ್ಲಿದೆ ಎಂದುಕೊಂಡು ಅದು ತಪ್ಪು ಸ್ಥಾನ ಕೊಡುತ್ತದೆ, ಎರರನ್ನೂ ತೋರಿಸದೆ ಇರಬಹುದು. ಕ್ರಮದ ಪಟ್ಟಿಯ ವಿಳಾಸಕ್ಕೆ ಡಾಲರ್ ಗುರುತು ಹಾಕಿ, ಇಲ್ಲವಾದರೆ ಸೂತ್ರ ಕೆಳಗೆಳೆದಂತೆ ಪಟ್ಟಿಯೂ ಕೆಳಗೆ ಜಾರುತ್ತದೆ. ಎಕ್ಸೆಲ್ 2021 ಅಥವಾ 365 ಇದ್ದರೆ ‘ಸಾರ್ಟ್‌ಬೈ’ ಒಳಗೆ ‘ಎಕ್ಸ್‌ಮ್ಯಾಚ್’ ಸೇರಿಸಿ ಒಂದೇ ಸೂತ್ರದಲ್ಲಿ ಮುಗಿಸಬಹುದು. ಅಲ್ಲಿ 0 ಹಾಕುವ ಗೋಜಿಲ್ಲ.